ಮರಕ್ಕೆ ಎರಡು ಚಮಚ ನೀರು

ಮರ ಕಡಿದ ಮೇಲೂ ಅದರ ದಾಹ ಸಾಯುವುದಿಲ್ಲ ಎಂಬುದು ಬಡಗಿಗಳಿಗೆಲ್ಲ ಗೊತ್ತಿರುವ ಸಂಗತಿ. ಆಷಾಢದಲ್ಲಿ ಭುಜ ಕೊಟ್ಟು ತಳ್ಳಿದರೂ ಮುಚ್ಚದ ಬಾಗಿಲು ಶಿವರಾತ್ರಿಯ ಹೊತ್ತಿಗೆ ಸಡಿಲವಾಗಿ ಗಾಳಿಗೆ ಪಟಪಟ ಬಡಿದುಕೊಳ್ಳುವುದನ್ನು ನಾವೆಲ್ಲ ಕಂಡಿದ್ದೇವೆ. ಕಂಡು, ಬಡಗಿಯನ್ನು ಬೈದು, ಸುಮ್ಮನಾಗಿದ್ದೇವೆ. ಬಾಗಿಲಿನ ಮಟ್ಟಿಗೆ ಅಷ್ಟು ಸಾಕು. ಆದರೆ ಅದೇ ಮರವನ್ನು ಮೂರು ಮಿಲಿಮೀಟರಿನಷ್ಟು ತೆಳ್ಳಗೆ ಹೆರೆದು, ತಂತಿ ಬಿಗಿದು, ಹಾಡಲು ಹಚ್ಚಿದ ಮೇಲೆ ಅದರ ದಾಹಕ್ಕೆ ಯಾರು ಹೊಣೆ? ಜೀವವಿಲ್ಲದ ಒಂದು ವಸ್ತುವಿಗೆ ನಮ್ಮ ಮೇಲೆ ಹಕ್ಕೆಂಬುದು ಉಂಟೇ? ಉಂಟಾದರೆ ಎಷ್ಟು? ಇದನ್ನು ನಾನು ಯಾವ ದರ್ಶನಗ್ರಂಥದಿಂದಲೂ ಎತ್ತಿಕೊಂಡು ಬಂದಿಲ್ಲ. ಅರಸೀಕೆರೆಯಲ್ಲಿ ನನ್ನ ತಂಗಿಯ ಮನೆಯವರು ಒಂದು ಗಿಟಾರಿನ ನಿಮಿತ್ತ ಎರಡು ಬೇಸಗೆ ವಾದ ಮಾಡಿದರು. ನಾನು ಕಾಫಿ ಕುಡಿಯುತ್ತ ಕೇಳಿಸಿಕೊಂಡೆ. ಪ್ರಶ್ನೆ ಬಂದದ್ದು ಅಲ್ಲಿಂದ.

ಗಿಟಾರ್ ಎಂದ ಕೂಡಲೇ ಅದು ನಮ್ಮದಲ್ಲ ಎಂದು ಮೂಗು ಮುರಿಯುವವರು ಅದರ ಬೆನ್ನನ್ನು ಒಮ್ಮೆ ತಿರುಗಿಸಿ ನೋಡಬೇಕು. ಮುಂದಿನ ಹಲಗೆ ಸ್ಪ್ರೂಸ್ ಎಂಬ ಶೀತದೇಶದ ಮರ, ನಿಜ. ಆದರೆ ಒಳ್ಳೆಯ ಗಿಟಾರುಗಳ ಬೆನ್ನು ಮತ್ತು ಪಕ್ಕೆ ಬಹುಮಟ್ಟಿಗೆ ಬೀಟೆಮರದವು. ನಮ್ಮ ಪಶ್ಚಿಮಘಟ್ಟದ ಬೀಟೆ. ಹಿಂದೆ ಬ್ರೆಜಿಲ್ ದೇಶದ ರೋಸ್‌ವುಡ್ಡಿಗೇ ಹೆಚ್ಚಿನ ಮರ್ಯಾದೆಯಿತ್ತು. ಅದು ಸಿಗುವುದು ಕಷ್ಟವಾದಾಗ, 1969ರಲ್ಲಿ, ಅಮೆರಿಕದ ಹೆಸರಾಂತ ಮಾರ್ಟಿನ್ ಕಂಪೆನಿಯವರು ಭಾರತದ ಬೀಟೆಯತ್ತ ತಿರುಗಿದರು. 1992ರಲ್ಲಿ ಬ್ರೆಜಿಲ್ಲಿನ ಆ ಮರದ ಅಂತರರಾಷ್ಟ್ರೀಯ ವ್ಯಾಪಾರಕ್ಕೇ ನಿಷೇಧ ಬಂದ ಮೇಲಂತೂ ಬೀಟೆಯ ಬೇಡಿಕೆ ಇನ್ನೂ ಏರಿತು. 2017ರಲ್ಲಿ ಬೀಟೆಯ ಇಡೀ ಕುಲವನ್ನೇ ನಿಯಂತ್ರಣದ ಪಟ್ಟಿಗೆ ಸೇರಿಸಿದರು. ವಾದ್ಯಗಾರರು ಗೋಳಾಡಿದ ಮೇಲೆ, 2019ರಲ್ಲಿ, ಸಿದ್ಧವಾದ ವಾದ್ಯಗಳಿಗೆ ವಿನಾಯಿತಿ ಕೊಟ್ಟರು. ನನ್ನ ಸೋದರಳಿಯನ ಗಿಟಾರಿನ ಬೆನ್ನು ಯಾವ ಕಾಡಿನದೋ ಹೇಳುವಂತಿಲ್ಲ. ಸಕಲೇಶಪುರದ ಆಚೆಯದು ಎಂದುಕೊಳ್ಳಲು ನನ್ನದೇನೂ ಅಭ್ಯಂತರವಿಲ್ಲ. ಹಾಗೆ ನೋಡಿದರೆ ಅದು ಪರದೇಶಿಯಲ್ಲ, ಪರದೇಶಕ್ಕೆ ಹೋಗಿ ಬೇರೆ ವೇಷ ತೊಟ್ಟು ಮರಳಿದ ನಮ್ಮ ಜಿಲ್ಲೆಯ ಮಗಳು.

ಮರಳಿದ್ದೇನೋ ಸರಿ, ಮರಳಿದ ಊರು ಮಾತ್ರ ಅದಕ್ಕೆ ಹೇಳಿದ್ದಲ್ಲ. ಹಾಸನ ಜಿಲ್ಲೆಯನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ. ಪಶ್ಚಿಮದಲ್ಲಿ ಸಕಲೇಶಪುರ ಮಳೆಯಲ್ಲಿ ಮುಳುಗಿ ಏಳುತ್ತದೆ. ಪೂರ್ವದಲ್ಲಿ ಅರಸೀಕೆರೆ ಮೋಡಗಳು ತಲೆಯ ಮೇಲೆ ಹಾದುಹೋಗುವುದನ್ನು ರೈಲ್ವೆ ಪ್ಲಾಟ್‌ಫಾರಂನ ಪ್ರಯಾಣಿಕನಂತೆ ನೋಡುತ್ತ ನಿಲ್ಲುತ್ತದೆ. ಅರಸಿಯೊಬ್ಬಳ ಕೆರೆಯ ಹೆಸರು ಹೊತ್ತ ಊರಿಗೇ ನೀರಿನ ಬರ! ಅರಸೀಕೆರೆಯಿಂದ ಬಸ್ಸು ಹತ್ತಿ ಜಾವಗಲ್ ಮೇಲೆ ಹಳೇಬೀಡಿಗೆ, ಅಲ್ಲಿಂದ ಹದಿನಾರು ಕಿಲೋಮೀಟರು ಬೇಲೂರಿಗೆ ಹೋದರೆ, ಎರಡು ಗಂಟೆಯಲ್ಲಿ ಗಾಳಿ ಬದಲಾಗುವುದು ತುಟಿಗೆ ತಿಳಿಯುತ್ತದೆ. ತೆಂಗು, ರಾಗಿಯ ಸೀಮೆ ಹಿಂದೆ ಸರಿದು ಕಾಫಿಯ ವಾಸನೆ ಹತ್ತಿರವಾಗುತ್ತದೆ. ಒಂದೇ ಜಿಲ್ಲೆ, ಒಂದೇ ಕಲೆಕ್ಟರು, ಗಾಳಿ ಮಾತ್ರ ಎರಡು.

ಗಾಳಿಯಲ್ಲಿರುವ ನೀರಿಗೆ ಲೆಕ್ಕವುಂಟು. ಆ ಬಿಸಿಯಲ್ಲಿ ಗಾಳಿ ಎಷ್ಟು ನೀರಾವಿಯನ್ನು ಹೊರಬಲ್ಲುದೋ ಅದರಲ್ಲಿ ಶೇಕಡ ಎಷ್ಟನ್ನು ಹೊತ್ತಿದೆ ಎಂಬುದೇ ಸಾಪೇಕ್ಷ ಆರ್ದ್ರತೆ. ಶೇಕಡ 50ರ ಗಾಳಿಯಲ್ಲಿ ಮರ ತನ್ನ ತೂಕದ ಸುಮಾರು ಶೇಕಡ 9ರಷ್ಟು ನೀರನ್ನು ಒಡಲಲ್ಲಿ ಇಟ್ಟುಕೊಂಡಿರುತ್ತದೆ. ಗಾಳಿ 30ಕ್ಕೆ ಇಳಿದರೆ ಅದು 6ರ ಆಸುಪಾಸಿಗೆ ಬರುತ್ತದೆ. ಫೆಬ್ರವರಿ, ಮಾರ್ಚಿನ ನಡುಹಗಲಲ್ಲಿ ನಮ್ಮ ಬಯಲುಸೀಮೆಯ ಗಾಳಿ ಮೂವತ್ತಕ್ಕೂ ಕೆಳಗಿಳಿಯುವುದುಂಟು. ಮರ ಉದ್ದಕ್ಕೆ ಕುಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ, ಅಡ್ಡಕ್ಕೆ ಕುಗ್ಗುತ್ತದೆ. ನಲವತ್ತು ಸೆಂಟಿಮೀಟರು ಅಗಲದ ಗಿಟಾರಿನ ಎದೆಹಲಗೆ ಹೀಗೆ ಒಂದೂವರೆ ಮಿಲಿಮೀಟರಿಗೂ ಹೆಚ್ಚು ಕಿರಿದಾಗಲು ಹವಣಿಸುತ್ತದೆ. ಒಂದೂವರೆ ಮಿಲಿಮೀಟರು ಏನು ಮಹಾ ಎನ್ನಬೇಡಿ. ಹಲಗೆಯ ಒಳಗಡೆ ಅಡ್ಡಪಟ್ಟಿಗಳನ್ನು ಅಂಟಿಸಿರುತ್ತಾರೆ. ಅವುಗಳ ಎಳೆ ಬೇರೆ ದಿಕ್ಕಿಗಿರುವುದರಿಂದ ಅವು ಕುಗ್ಗುವುದಿಲ್ಲ, ಹಲಗೆಯನ್ನು ಕುಗ್ಗಲು ಬಿಡುವುದೂ ಇಲ್ಲ. ಕುಗ್ಗಬೇಕೆನ್ನುವುದು ಒಂದು, ಬಿಡೆನೆನ್ನುವುದು ಇನ್ನೊಂದು. ನಡುವೆ ಹಲಗೆ ಸೀಳುತ್ತದೆ. ಕೂಡುಕುಟುಂಬದಲ್ಲಿ ಬೆಳೆದವರಿಗೆ ಇದರ ಯಂತ್ರಶಾಸ್ತ್ರ ಬೇಗ ಅರ್ಥವಾಗುತ್ತದೆ.

ಹುಡುಗ ಹಾಸನದಲ್ಲಿ ಓದುತ್ತಿದ್ದವನು, ಎರಡು ವರ್ಷದ ಪಾಕೆಟ್ ಮನಿ ಮತ್ತು ಅಜ್ಜಿಯ ಉದಾರ ಹಸ್ತ ಸೇರಿಸಿ ಬೆಂಗಳೂರಿನಲ್ಲಿ ಆ ಗಿಟಾರನ್ನು ಕೊಂಡ. ಮಾರಿದವರು ತಂತಿಯ ಬಗ್ಗೆ ಹೇಳಿದರು, ಚೀಲದ ಬಗ್ಗೆ ಹೇಳಿದರು, ಗಾಳಿಯ ಬಗ್ಗೆ ಹೇಳಲಿಲ್ಲ. ಮೊದಲ ಬೇಸಗೆಯಲ್ಲಿ ಅದು ಸೂಚನೆಗಳನ್ನೇನೋ ಕೊಟ್ಟಿತು. ಬೆರಳುಹಲಗೆ ಕುಗ್ಗಿ, ಕುಗ್ಗದ ಲೋಹದ ಮೆಟ್ಟಿಲುಗಳ ತುದಿ ಹೊರಚಾಚಿ ಅಂಗೈಗೆ ತರಚುತ್ತಿತ್ತು. ಉಬ್ಬಿರಬೇಕಾದ ಎದೆ ತಗ್ಗಿ, ತಂತಿ ಮೆಟ್ಟಿಲಿಗೆ ತಾಗಿ ಜುಂಯ್‌ಗುಟ್ಟುತ್ತಿತ್ತು. ಏಪ್ರಿಲಿನ ಒಂದು ಮಧ್ಯಾಹ್ನ ಮನೆಯವರೆಲ್ಲ ಮಲಗಿದ್ದಾಗ ಟಪ್ಪೆಂದು ಸದ್ದು. ನೋಡಿದರೆ ಸೇತುವೆಯ ಕೆಳಗೆ ಎಳೆಯ ಗುಂಟ ಕೂದಲಿನಂಥ ಬಿರುಕು. ರಿಪೇರಿಯವರು ಅದನ್ನು ವಾರಗಟ್ಟಲೆ ತೇವದ ಪೆಟ್ಟಿಗೆಯಲ್ಲಿಟ್ಟು, ಬಿರುಕು ತಾನಾಗಿ ಕೂಡಿಕೊಂಡ ಮೇಲೆ ಅಂಟು ಹಾಕಿ, ಒಳಗಿನಿಂದ ಚಿಕ್ಕ ಚಕ್ಕೆಗಳನ್ನು ಆನಿಸಿ ಕೊಟ್ಟರು. ಆತುರದಲ್ಲಿ ನೀರು ಕುಡಿಸಿದರೆ ಬೇರೆ ಕಡೆ ಎದ್ದೀತು ಎಂದರಂತೆ. ಗಾಳಿ 45ರಿಂದ 55ರ ನಡುವೆ ಇರಲಿ ಎಂದೂ ಹೇಳಿ ಕಳಿಸಿದರು.

ಅಲ್ಲಿಂದ ಆ ಮನೆಯಲ್ಲಿ ವ್ರತ ಶುರುವಾಯಿತು. ಹುಡುಗ ಕೆಲವು ನೂರು ರೂಪಾಯಿಯ ಹೈಗ್ರೋಮೀಟರ್ ತಂದ. ಅದು ನಿಜ ಹೇಳುತ್ತದೋ ಇಲ್ಲವೋ ಎಂದು ಅಡುಗೆ ಉಪ್ಪಿನಿಂದ ಪರೀಕ್ಷಿಸಿದ. ಬಾಟಲಿಯ ಮುಚ್ಚಳದಲ್ಲಿ ಉಪ್ಪನ್ನು ಕೆಸರಿನಷ್ಟು ಒದ್ದೆ ಮಾಡಿ, ಮಾಪಕದ ಜೊತೆ ಗಾಳಿಯಾಡದ ಡಬ್ಬಿಯಲ್ಲಿಟ್ಟರೆ ಒಂದು ದಿನದಲ್ಲಿ ಒಳಗಿನ ಗಾಳಿ ಶೇಕಡ 75ಕ್ಕೆ ನಿಲ್ಲುತ್ತದೆ. ಉಪ್ಪಿನ ಸ್ವಭಾವವೇ ಹಾಗೆ, ಅರಸೀಕೆರೆಯಲ್ಲೂ ಅಷ್ಟೇ, ಅಮೆರಿಕದಲ್ಲೂ ಅಷ್ಟೇ. ಮಾಪಕ 71 ತೋರಿಸಿತು. ಹಾಗಾದರೆ ಯಾವಾಗಲೂ ನಾಲ್ಕು ಸೇರಿಸಿ ಓದಬೇಕು ಎಂದು ಗುರುತು ಹಾಕಿಕೊಂಡ. ಎರಡೂ ಕಡೆ ಕೆಲಸ ಮಾಡುವ ಪೊಟ್ಟಣಗಳು ಅಂಗಡಿಯಲ್ಲಿ ಸಿಗುತ್ತವೆ, ಒಣಗಿದಾಗ ಬಿಡುತ್ತವೆ, ಹೆಚ್ಚಾದಾಗ ಹೀರುತ್ತವೆ. ಬೆಲೆ ಕೇಳಿ ಬಿಟ್ಟ. ಬದಲಿಗೆ ಸೋಪಿನ ಡಬ್ಬಿಗೆ ತೂತು ಕೊರೆದು, ಒಳಗೊಂದು ಸ್ಪಂಜು ಇಟ್ಟು, ಸೂಜಿ ತೆಗೆದ ಸಿರಿಂಜಿನಿಂದ ಎರಡು ಚಮಚದಷ್ಟು ಕಾಯಿಸಿ ಆರಿಸಿದ ನೀರು ಬಿಟ್ಟು, ತೊಟ್ಟಿಕ್ಕದಂತೆ ಹಿಂಡಿ ಗಿಟಾರಿನ ಪೆಟ್ಟಿಗೆಯಲ್ಲಿಟ್ಟು ಮುಚ್ಚುತ್ತಿದ್ದ. ಎರಡು ಮೂರು ದಿನಕ್ಕೊಮ್ಮೆ ಅದೇ ಸೇವೆ.

ಇಲ್ಲಿ ಜಗಳ. ಬೇಸಗೆಯಲ್ಲಿ ಟ್ಯಾಂಕರಿನ ಸದ್ದಿಗೆ ಕಿವಿಗೊಟ್ಟು ಕೊಡ ಸಾಲಿಡುವ ಬೀದಿಯಲ್ಲಿ, ಮಗ ಮರದ ಬೊಂಬೆಗೆ ಕಾಯಿಸಿದ ನೀರು ಕುಡಿಸುತ್ತಾನೆ ಎಂದರೆ ತಾಯಿಗೆ ಹೇಗಾಗಬೇಡ? "ಮನುಷ್ಯರಿಗಿಲ್ಲ, ಗಿಟಾರಿಗಂತೆ" ಎಂದು ತಂಗಿ ಪಾತ್ರೆ ಕುಕ್ಕಿದಳು. ಎರಡು ಚಮಚವಮ್ಮಾ ಎಂದ ಹುಡುಗ. ಲೆಕ್ಕದಲ್ಲಿ ಅವನು ಸರಿ. ಇಡೀ ಬೇಸಗೆಗೆ ಅರ್ಧ ಲೀಟರು ಹಿಡಿಯದು. ಆದರೆ ತಂಗಿ ಹೇಳಿದ್ದು ನೀರಿನ ಮಾತಲ್ಲ.

ಆಕೆಯ ಗಂಡ ಈ ವಾದದಲ್ಲಿ ಬಾಯಿ ಹಾಕುತ್ತಿರಲಿಲ್ಲ. ಅವರದು ತೆಂಗಿನ ತೋಟ. 2016, 17ರ ಬರದಲ್ಲಿ ಅರಸೀಕೆರೆ, ತಿಪಟೂರಿನ ಕಡೆ ತೋಟತೋಟಗಳೇ ಸುಳಿ ಬಾಗಿ ನಿಂತದ್ದನ್ನು ಓದುಗರು ಮರೆತಿರಲಾರರು. ತಂದೆ ನೆಟ್ಟ ಮರಗಳು. ಕೊಳವೆಬಾವಿಯ ಆಳ ವರ್ಷವರ್ಷ ಹೆಚ್ಚಿತು, ನೀರು ಬರಲಿಲ್ಲ. ಟ್ಯಾಂಕರಿನಲ್ಲಿ ತಂದು ಎಷ್ಟು ಮರಕ್ಕೆ ಹೊಯ್ಯುವುದು? ಇವಕ್ಕೆ ಹೊಯ್ಯುವುದು, ಇವಕ್ಕೆ ಬಿಡುವುದು ಎಂದು ಬುಡದ ಮೇಲೆ ಸುಣ್ಣದ ಗುರುತು ಹಾಕಿದವರು ಅವರೇ. ಅಂಥ ಮನುಷ್ಯ, ಸತ್ತ ಮರವೊಂದಕ್ಕೆ ಮಗ ಸಿರಿಂಜಿನಲ್ಲಿ ನೀರು ಅಳೆಯುವುದನ್ನು ನೋಡುತ್ತ ಕೂತಿದ್ದಾಗ ಅವರ ಮುಖದ ಕಡೆ ನೋಡಲು ನನಗೆ ಧೈರ್ಯವಾಗಲಿಲ್ಲ.

ಈಗ ಯೋಚಿಸಿ ನೋಡೋಣ. ತಂಗಿಯ ಮಾತಿನ ಹಿಂದಿರುವ ತತ್ತ್ವ ಇದು: ಪ್ರೀತಿಗೂ ಒಂದು ಸರದಿಯಿದೆ. ಮೊದಲು ಮನುಷ್ಯ, ಆಮೇಲೆ ದನಕರು, ಆಮೇಲೆ ಗಿಡಮರ, ಉಳಿದರೆ ವಸ್ತು. ಇದನ್ನು ತಳ್ಳಿಹಾಕುವಂತಿಲ್ಲ. ಮನೆಗೆ ಬೆಂಕಿ ಬಿದ್ದರೆ ಮಗುವನ್ನು ಬಿಟ್ಟು ವೀಣೆ ಎತ್ತಿಕೊಂಡು ಓಡಿಬಂದವನನ್ನು ಯಾವ ಸಂಗೀತಪ್ರೇಮಿಯೂ ಕ್ಷಮಿಸುವುದಿಲ್ಲ. ಆದರೆ ಮನೆಗೆ ದಿನವೂ ಬೆಂಕಿ ಬೀಳುವುದಿಲ್ಲ. ಬದುಕು ನಲ್ಲಿಯ ಮುಂದಿನ ಸರದಿಯೂ ಅಲ್ಲ, ಮೊದಲಿನವರ ಕೊಡ ತುಂಬುವ ತನಕ ಹಿಂದಿನವರು ಕಾಯಲಿ ಎನ್ನಲು. ಮನುಷ್ಯರ ಕೊಡ ತುಂಬುವುದು ಯಾವ ಕಾಲಕ್ಕೆ? ಅಲ್ಲಿಯವರೆಗೆ ಯಾರೂ ಹಾಡಬಾರದು, ಯಾರೂ ದೇವಾಲಯ ಕೆತ್ತಬಾರದು ಎಂದರೆ ಹಾಡೂ ಇರುವುದಿಲ್ಲ, ಕೊಡವೂ ತುಂಬಿರುವುದಿಲ್ಲ.

ಹಾಗೆಂದು ವಸ್ತುವಿನ ಉಪಚಾರವನ್ನೆಲ್ಲ ನಾನು ಹೊಗಳಲಾರೆ. ವಸ್ತುವನ್ನು ನೋಡಿಕೊಳ್ಳುವುದರಲ್ಲಿ ಒಂದು ಸುಖವಿದೆ. ಅದು ಎದುರು ಮಾತಾಡುವುದಿಲ್ಲ, ಕೃತಜ್ಞತೆ ತಪ್ಪುವುದಿಲ್ಲ. ಹೆತ್ತವರ ಮಂಡಿನೋವನ್ನು ವಿಚಾರಿಸದವನು ಕಾರಿನ ಗೀಚಿಗೆ ರಾತ್ರಿಯೆಲ್ಲ ಕೊರಗುವುದನ್ನು ನೋಡಿದ್ದೇನೆ. ನಮ್ಮ ಮಧ್ಯಮವರ್ಗದ ಮನೆಗಳಲ್ಲಿ ಟಿ.ವಿ. ರಿಮೋಟಿಗೆ ಪ್ಲಾಸ್ಟಿಕ್ ಚೀಲ, ಸೋಫಾಕ್ಕೆ ಹೊದಿಕೆ, ಹೊದಿಕೆಗೆ ಮೇಲುಹೊದಿಕೆ. ಒಳಗಿನ ಬಟ್ಟೆಯ ಬಣ್ಣ ಕಂಡವರಿಲ್ಲ. ಅತಿಥಿಗಳಿಗೆಂದು ತೆಗೆದಿಟ್ಟ ಪಿಂಗಾಣಿ ಬಟ್ಟಲುಗಳಲ್ಲಿ ಕುಡಿಯುವ ಯೋಗ್ಯತೆಯ ಅತಿಥಿ ನಮ್ಮ ಮನೆಗೆ ಇನ್ನೂ ಬಂದಿಲ್ಲ. ಇದು ವಸ್ತುವಿನ ಮೇಲಿನ ಮಮತೆಯಲ್ಲ, ಬೆಲೆಯ ಮೇಲಿನದು. ಇಲ್ಲಿ ಕಾಪಾಡುವುದೆಂದರೆ ಬಳಸದಿರುವುದು.

ವಾದ್ಯದ ವಿಷಯದಲ್ಲಿ ಈ ಬಗೆಯ ಕಾಪಾಡುವಿಕೆ ನಡೆಯುವುದಿಲ್ಲ. ಪಾಗನಿನಿ ಎಂಬ ಇಟಲಿಯ ಮಹಾ ಪಿಟೀಲುವಾದಕ 1840ರಲ್ಲಿ ತೀರಿಕೊಂಡಾಗ, 1743ರಲ್ಲಿ ಗ್ವಾರ್ನೇರಿ ಮಾಡಿದ ತನ್ನ ಪಿಟೀಲನ್ನು ಹುಟ್ಟೂರಾದ ಜಿನೋವ ನಗರಕ್ಕೆ ಬಿಟ್ಟುಹೋದ, ಶಾಶ್ವತವಾಗಿ ಕಾಪಾಡಿ ಎಂದು. ನಗರದವರು ಅದನ್ನು ಗಾಜಿನೊಳಗೆ ಹದವಾದ ಗಾಳಿಯಲ್ಲಿ ಇಟ್ಟಿದ್ದಾರೆ. ಆದರೂ ಆಗಾಗ ಹೊರತೆಗೆದು ಒಳ್ಳೆಯ ವಾದಕರ ಕೈಗೆ ಕೊಡುತ್ತಾರೆ. ಇದರಲ್ಲಿ ಅಪಾಯವಿಲ್ಲವೇ? ಇದೆ. ಕೈಯ ಬೆವರು, ದೀಪದ ಬಿಸಿ, ಎಡವುವ ಕಾಲು ಎಲ್ಲವೂ ಇವೆ. ಆ ಅಪಾಯವನ್ನು ಲೆಕ್ಕ ಹಾಕಿಯೇ ಕೊಡುತ್ತಾರೆ. ಸೋಪಿನ ಡಬ್ಬಿಯ ಸ್ಪಂಜಿಗೂ ಆ ಗಾಜಿನ ಪೆಟ್ಟಿಗೆಗೂ ಅಂತಸ್ತಿನಲ್ಲಿ ಅಜಗಜಾಂತರ. ಆದರೂ ಮುಚ್ಚಿಡುವುದು ಮತ್ತೆ ತೆರೆಯುವುದಕ್ಕಾಗಿ ಎಂಬಲ್ಲಿ ಎರಡೂ ಒಂದೇ ಜಾತಿ.

ಒಣಗದ ಗಿಟಾರೇ ಇಲ್ಲವೇ ಎಂದು ತಂಗಿಯ ಗಂಡ ಒಮ್ಮೆ ಕೇಳಿದರು. ಇವೆ, ಕಾರ್ಬನ್ ಎಳೆಯಿಂದ ಮಾಡುತ್ತಾರೆ. ಬಿಸಿಲಿಗೂ ಮಳೆಗೂ ಅಂಜವು. ಪದರಪದರದ ಪ್ಲೈವುಡ್ಡಿನವೂ ಬೇಗ ಸೀಳುವುದಿಲ್ಲ. ಹುಡುಗನಿಗೆ ಅವುಗಳ ದನಿ ಹಿಡಿಸಲಿಲ್ಲ. ಅವನ ಕಿವಿ ಸರಿಯೋ ಅಲ್ಲವೋ, ನನಗೆ ಆ ವಿದ್ಯೆಯಿಲ್ಲ. ಆದರೆ ಒಣಗದ ವಾದ್ಯವೆಂದರೆ ನೆನಪಾಗುವುದು ಬೇರೆಯೇ ಒಂದು. ಅದನ್ನು ನೋಡಲು ಹಳೇಬೀಡಿಗೆ ಹೋಗಬೇಕು, ಅಲ್ಲಿಂದ ಬೇಲೂರಿಗೆ.

ಆ ಗೋಡೆಗಳ ಮೇಲೆ ಒಂದು ಇಡೀ ವಾದ್ಯವೃಂದವಿದೆ. ಕೊಳಲೂದುವ ವೇಣುಗೋಪಾಲ, ಮದ್ದಲೆ ಬಡಿಯುವವರು, ತಾಳ ಹಿಡಿದವರು, ದಂಡದ ವೀಣೆಯವರು. ಬೇಲೂರಿನ 42 ಮದನಿಕೆಯರಲ್ಲೂ ವಾದ್ಯ ಹಿಡಿದವರಿದ್ದಾರೆ. 1117ರಲ್ಲಿ ವಿಷ್ಣುವರ್ಧನ ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದ ಕಾಲದಿಂದ, ಈ ದೇಗುಲಗಳು 2023ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರುವ ತನಕ ಒಂಬತ್ತುನೂರು ಬೇಸಗೆ ಕಳೆದಿವೆ. ಬಳಪದ ಕಲ್ಲಿಗೂ ಮರಕ್ಕೂ ಗಾಳಿಯ ವಿಷಯದಲ್ಲಿ ತದ್ವಿರುದ್ಧ ಗುಣ. ಆ ಕಲ್ಲು ಗಣಿಯಿಂದ ಬಂದಾಗ ಮೆದು, ಉಳಿಗೆ ಒಲಿಯುತ್ತದೆ. ಗಾಳಿಗೆ ತೆರೆದುಕೊಂಡಂತೆ ಗಟ್ಟಿಯಾಗುತ್ತದೆ. ಮರ ಅದೇ ಗಾಳಿಗೆ ಸೀಳುತ್ತದೆ. ಹಾಗಾಗಿಯೇ ಹೊಯ್ಸಳರ ಕಾಲದ ಕಲ್ಲಿನ ವೀಣೆ ಉಳಿದಿದೆ, ಅದಕ್ಕೆ ಮಾದರಿಯಾಗಿ ಎದುರಿಗಿದ್ದ ಮರದ ವೀಣೆ ಒಂದೂ ಉಳಿದಿಲ್ಲ. ಶಾಂತಲೆ ಯಾವ ಶ್ರುತಿಗೆ ಹೆಜ್ಜೆ ಹಾಕಿದಳೋ ಆ ಶ್ರುತಿ ಹೋಯಿತು. ಹುಡುಗ ನನ್ನ ಜೊತೆ ಬಂದಿದ್ದವನು, ಇವರಿಗೆ ಸ್ಪಂಜಿನ ಚಿಂತೆಯಿಲ್ಲ ಎಂದು ನಕ್ಕ. ಚಿಂತೆಯೂ ಇಲ್ಲ, ಸದ್ದೂ ಇಲ್ಲ.

ಬೇಲೂರಿನ ಮದನಿಕೆಯರ ಪೀಠದಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದವರು ತಮ್ಮ ಹೆಸರು ಕೊರೆದಿದ್ದಾರೆ. ಗಿಟಾರಿನ ರಂಧ್ರದೊಳಗೆ ಇಣುಕಿದರೆ ಅಲ್ಲೂ ಒಂದು ಚೀಟಿ, ಅಲ್ಲೂ ಮಾಡಿದವರ ಹೆಸರು. ಅದನ್ನು ನೋಡಿದ ಮೇಲೆ ನನಗೆ ವಸ್ತುವಿನ ಹಕ್ಕೆಂಬ ಮಾತು ಸ್ವಲ್ಪ ಸ್ಪಷ್ಟವಾಯಿತು. ಹಲಗೆಗೆ ಹಕ್ಕಿಲ್ಲದಿರಬಹುದು. ಆದರೆ ಬೆಳೆಯಲು ಒಂದು ಮನುಷ್ಯಾಯುಷ್ಯವನ್ನು ಮೀರಿ ಕಾಲ ತೆಗೆದುಕೊಂಡ ಬೀಟೆಯ ಮರವೊಂದು ಉರುಳಿದೆ. ಯಾರೋ ಅದರ ಎಳೆ ನೋಡಿ, ಬೆರಳಲ್ಲಿ ತಟ್ಟಿ ಕೇಳಿ, ಹೆರೆದಿದ್ದಾರೆ. ಇನ್ನು ಮುಂದೆ ಯಾರೋ ಅದನ್ನು ನುಡಿಸಬೇಕು. ಈ ಮೂವರ ನಡುವೆ ಸಿಕ್ಕಿಕೊಂಡವನು ಕೊಂಡವನು. ಹಣ ಕೊಟ್ಟದ್ದರಿಂದ ಅವನಿಗೆ ನುಡಿಸುವ ಹಕ್ಕು ಬಂತು. ಒಡೆಯಲು ಬಿಡುವ ಹಕ್ಕೂ ಬಂತೇ? ಕಾನೂನು ಬಂತು ಎನ್ನುತ್ತದೆ. ನನಗೆ ಒಪ್ಪಿಗೆಯಿಲ್ಲ. ಕಾಡಿನಲ್ಲಿ ಬೀಟೆ ಅಪರೂಪವಾಗುತ್ತಿರುವ ಕಾಲದಲ್ಲಿ ಇದ್ದ ವಾದ್ಯವನ್ನು ಒಣಗಿಸಿ ಸೀಳಿ, ಇನ್ನೊಂದು ಕೊಂಡರಾಯಿತು ಎನ್ನುವುದು ಇನ್ನೊಂದು ಮರಕ್ಕೆ ಕೊಡಲಿ ಕಳಿಸಿದಂತೆಯೇ.

ತಂಗಿಯ ಗಂಡನಿಗೆ ನಾನು ಇದನ್ನೆಲ್ಲ ವಿವರಿಸಲು ಹೋಗಲಿಲ್ಲ, ಅಗತ್ಯವೂ ಬೀಳಲಿಲ್ಲ. ಎರಡನೆಯ ಬೇಸಗೆಯಲ್ಲಿ ಹುಡುಗ ಪರೀಕ್ಷೆಗೆಂದು ಹಾಸನದಲ್ಲೇ ಉಳಿದ. ನಾನು ಹೋದಾಗ ಅವರು ಗೋಡೆಯ ಮೇಲಿನ ಮಾಪಕ ನೋಡಿ, "ಇವತ್ತು ಇಪ್ಪತ್ತೆಂಟು, ನಾಲ್ಕು ಸೇರಿಸಿದರೆ ಮೂವತ್ತೆರಡು" ಎಂದರು. ಕೊಳವೆಬಾವಿಯ ಅಡಿ ಹೇಳುತ್ತಿದ್ದ ಅದೇ ದನಿ. ಸ್ಪಂಜಿಗೆ ನೀರು ಬಿಟ್ಟು, ಹಿಂಡಿ, ಬೆರಳನ್ನು ಪಂಚೆಗೆ ಒರೆಸಿಕೊಂಡು ಪೆಟ್ಟಿಗೆ ಮುಚ್ಚಿದರು. ತಂಗಿ ಆ ಹೊತ್ತಿಗೆ ಹಿತ್ತಲಿನಲ್ಲಿದ್ದಳು, ಅಥವಾ ಹಿತ್ತಲಿಗೆ ಹೋದಳು. ಆಕೆಯ ಅಭಿಪ್ರಾಯ ಬದಲಾಗಿಲ್ಲ. ಬದಲಾಗಬೇಕೆಂದೂ ನನಗೆ ಅನಿಸುವುದಿಲ್ಲ. ಸರದಿಯನ್ನು ನೆನಪಿಸುವವರು ಮನೆಗೊಬ್ಬರು ಇರಬೇಕು.

ಇನ್ನೊಂದು ವಿಷಯ. ಒಣಗುವುದು ಕೆಟ್ಟದ್ದೆಂದು ನೀರು ಹೆಚ್ಚಿಸಿದರೂ ಕೆಡುತ್ತದೆ. ಹಲಗೆ ಹೊಟ್ಟೆ ಉಬ್ಬಿಸಿಕೊಳ್ಳುತ್ತದೆ, ಅಂಟು ಸಡಿಲಿ ಸೇತುವೆ ಏಳುತ್ತದೆ, ಬೂಷ್ಟು ಹಿಡಿಯುತ್ತದೆ. ಬೇಕಾದ್ದು ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ, ಒಂದು ಹದ; ಆ ಹದ ದಿನಕ್ಕೆ ಹತ್ತು ಸಲ ಬದಲಾಗದಿರುವುದು. ಇದನ್ನು ಮಕ್ಕಳ ಪಾಲನೆಗೆ ಅನ್ವಯಿಸಿ ನಾಲ್ಕು ಮಾತು ಹೇಳುವ ಆಸೆ ಬಂದಿತ್ತು, ತಡೆದುಕೊಂಡಿದ್ದೇನೆ.

ಈ ಹದದ ವಿದ್ಯೆಯನ್ನು ಮಾಪಕವಿಲ್ಲದೆ ಬಲ್ಲವರು ನಮ್ಮ ಕಡೆ ಇದ್ದರು. ವೀಣೆ ದೊರೆಸ್ವಾಮಿ ಅಯ್ಯಂಗಾರ್ಯರು ಹುಟ್ಟಿದ ಗದ್ದವಳ್ಳಿ ಇರುವುದು ಇದೇ ಹಾಸನ ಜಿಲ್ಲೆಯಲ್ಲಿ. ತಂಬೂರಿಯ ಆಕಾರದ ಗುಡಿ ಕಟ್ಟಿಸಿಕೊಂಡ, ಮನೆಮನೆಯಲ್ಲೂ ಸಂಗೀತಗಾರರಿದ್ದ ರುದ್ರಪಟ್ಟಣವೂ ಇಲ್ಲಿಯದೇ. ಬೇಲೂರಿನ ನನ್ನ ಚಿಕ್ಕಮ್ಮ ಅಷ್ಟು ದೊಡ್ಡವರಲ್ಲ, ನಾಲ್ಕು ಮಕ್ಕಳಿಗೆ ಪಾಠ ಹೇಳುತ್ತಿದ್ದವರು. ಹಲಸಿನ ಮರದ ವೀಣೆ. ಮಾಘ ಕಳೆದರೆ ವೀಣೆಯ ಗೋಡೆಬೀರುವಿನ ಕೆಳಗಿನ ಖಾನೆಯಲ್ಲಿ ಒಂದು ಚೊಂಬು ನೀರು ಇಡುತ್ತಿದ್ದರು. ಪಿತೃಗಳಿಗೆ ಇರಬೇಕೆಂದು ನಾವು ಮಕ್ಕಳು ಆ ಕಡೆ ಸುಳಿಯುತ್ತಿರಲಿಲ್ಲ. ತೆರೆದ ಕೋಣೆಯಲ್ಲಿ ಒಂದು ಚೊಂಬಿನಿಂದ ಏನೂ ಆಗುವುದಿಲ್ಲ. ಮುಚ್ಚಿದ ಬೀರುವಿನಲ್ಲಿ ಆಗುತ್ತದೆ. ಬಿಸಿಲು ಬೀಳುವ ಕಡೆ ವೀಣೆ ಒರಗಿಸಗೊಡುತ್ತಿರಲಿಲ್ಲ. ಮೇಳದ ಮೇಣ ಮೆತ್ತಗಾಗಿ ಮೆಟ್ಟಿಲು ಜರುಗುತ್ತದೆ ಎಂದು ಗದರುತ್ತಿದ್ದರು. ಬೆರಳು ಮಡಿಸಲಾಗದೆ ಹೋದ ವರ್ಷವೇ ಅದನ್ನು ಒಬ್ಬ ಶಿಷ್ಯೆಗೆ ಕೊಟ್ಟುಬಿಟ್ಟರು. ಮನೆಯಲ್ಲಿ ನೆನಪಿಗೆ ಇರಲಿ ಎಂದ ಮಕ್ಕಳಿಗೆ, ನೆನಪಿಗೆ ಫೋಟೋ ಸಾಕು ಎಂದರಂತೆ.

ಕಳೆದ ಜುಲೈನಲ್ಲಿ ಹುಡುಗ ಗಿಟಾರು ಹೊತ್ತು ನನ್ನ ಜೊತೆ ಅವರ ಮನೆಗೆ ಬಂದ. ಹೊರಗೆ ಜಿಟಿಜಿಟಿ, ಮಾಪಕ 86. ಸ್ಪಂಜನ್ನು ತೆಗೆದಿಟ್ಟು, ತೇವ ಹೀರುವ ಸಿಲಿಕಾದ ಪೊಟ್ಟಣಗಳನ್ನು ಬಾಣಲೆಯಲ್ಲಿ ಬಿಸಿ ಮಾಡಬೇಕು ಎಂದು ಅವನು ಒದ್ದಾಡುತ್ತಿದ್ದ. ಪೆಟ್ಟಿಗೆಯನ್ನು ಹೊರಗೋಡೆಗೆ ಒರಗಿಸಿದ್ದು ಕಂಡು ಚಿಕ್ಕಮ್ಮ ಮೊದಲು ಅದನ್ನು ಅಲ್ಲಿಂದ ಎತ್ತಿಸಿದರು. ಮಳೆಗಾಲದಲ್ಲಿ ಹೊರಗೋಡೆ ಬೆವರುತ್ತದೆ. ನಡುಮನೆಯ ಗೋಡೆಬೀರು ತೆರೆಸಿ, ಕಂಬಳಿಗಳನ್ನು ಸರಿಸಿ, ವೀಣೆಯಿದ್ದ ಉದ್ದನೆಯ ಖಾನೆಯಲ್ಲಿ ಇಡಲು ಹೇಳಿದರು. ಗಿಟಾರು ಅಲ್ಲಿ ಅಡ್ಡಡ್ಡ ಹಿಡಿಯಿತು. ಬೆಳಗಿನ ಹೊತ್ತಿಗೆ ಒಳಗಿನ ಮಾಪಕ 68ಕ್ಕೆ ಇಳಿದಿತ್ತು. ರಾತ್ರಿ ಅವನು ಒಂದು ಗಂಟೆ ನುಡಿಸಿದ್ದನಂತೆ, ಚಿಕ್ಕಮ್ಮ ಶ್ರುತಿ ಸ್ವಲ್ಪ ಇಳಿದಿದೆ ಎಂದಿದ್ದರಂತೆ. ನನಗೆ ಆಗಲೇ ನಿದ್ದೆ ಬಂದಿತ್ತು.